ಅಣ್ಣನಿಗೂ ಒತ್ತದ ಗುಂಡಿ

ಇಲ್ಲಿ ಕೇಳು ಪುಟ್ಟಿ, ಅಜ್ಜಿ ಹೇಳುತ್ತೇನೆ, ಆ ಫೋನು ಆಮೇಲೆ ನೋಡುವೆಯಂತೆ. ನಿನ್ನ ಸೋದರತ್ತೆಯನ್ನು ಬೀದಿಯವರೆಲ್ಲ ‘ಸಹಿ ಅಕ್ಕ’ ಅನ್ನುತ್ತಾರಲ್ಲ, ಅದು ಸುಮ್ಮನೆ ಬಂದ ಹೆಸರಲ್ಲ. ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ, ಒಂದು ಮೇಜು, ಒಂದು ಕ್ಯಾಮೆರಾ, ಕುಂಟುವ ಒಂದು ಸ್ಟೂಲು. ಆ ಸ್ಟೂಲು ಮಾಡಿದವನು ನಿಮ್ಮಪ್ಪನೇ, ಇರಲಿ ಬಿಡು. ಅಲ್ಲಿ ಕೂತು ಅವಳು ಜನರಿಗೆ ಡಿಜಿಟಲ್ ಸಹಿ ಮಾಡಿಸಿಕೊಡುತ್ತಾಳೆ.

ಕಂಪ್ಯೂಟರಿಗೆ ಸಿಕ್ಕಿಸುವ ಹೆಬ್ಬೆರಳುದ್ದದ ಟೋಕನ್ನಿನೊಳಗೆ ಅಂಕಿಗಳ ಜೋಡಿ ಕೀಲಿ ಹುಟ್ಟುತ್ತವೆ. ಸಹಿ ಹಾಕುವ ಕೀಲಿ ಒಳಗೇ ಗುಟ್ಟಾಗಿರುತ್ತದೆ. ಆ ಸಹಿ ಸರಿಯೋ ಎಂದು ನೋಡುವ ಕೀಲಿ ಊರಿಗೆಲ್ಲ ಕೊಡುವಂಥದ್ದು. ಆದರೆ ಕೀಲಿಗೇನು ಮುಖವೇ, ಮೂಗೇ? ‘ಇದು ಇಂಥವರದೇ’ ಎಂದು ದೊಡ್ಡ ಕಚೇರಿಯವರು ಪ್ರಮಾಣಪತ್ರ ಬರೆದು ತಮ್ಮ ಸಹಿ ಹಾಕಬೇಕು. ಆಮೇಲೆ ಸಹಿ ಹಾಕಿದ ಕಾಗದದಲ್ಲಿ ಯಾರಾದರೂ ಒಂದಕ್ಷರ ತಿದ್ದಿದರೂ ಸಿಕ್ಕಿಬಿದ್ದ ಹಾಗೇ. ಆ ಕಚೇರಿ ನಂಬುವುದು ನಿನ್ನತ್ತೆಯ ಕಣ್ಣನ್ನು. ಎದುರಿಗೆ ಬಂದವರ ಮುಖ, ಕಾರ್ಡು ನೋಡಿ ‘ಹೌದು, ಇವರೇ’ ಎಂದು ಅವಳು ಗುಂಡಿ ಒತ್ತಿದರೆ ಮಾತ್ರ ಪ್ರಮಾಣಪತ್ರ.

ಹೋದ ತಿಂಗಳು ಒಂದು ಶಾಲೆಗೆ ನೂರು ಬೆಂಚು ಬೇಕಾಗಿತ್ತು. ನಿಮ್ಮಪ್ಪನಿಗೆ ಆ ಕೆಲಸದ ಮೇಲೇ ಜೀವ. ಐದು ಗಂಟೆಯೊಳಗೆ ಡಿಜಿಟಲ್ ಸಹಿಯೊಂದಿಗೆ ಅರ್ಜಿ ಹೋಗಬೇಕು. ಮೂರಕ್ಕೆ ಅವನು ತನ್ನ ಮರಗೆಲಸದ ಅಂಗಡಿಯ ಗುಮಾಸ್ತರ ಕೈಲಿ ಟೋಕನ್ನು, ಗುರುತಿನ ಕಾರ್ಡು, ಫೋಟೋ ಕಳಿಸಿ, ತಂಗಿಗೆ ಫೋನು ಮಾಡಿದ.

“ಒತ್ತಿಬಿಡೇ ಗುಂಡಿ. ನಾನ್ಯಾರು ಅಂತ ನಿಂಗೊತ್ತಿಲ್ವಾ? ನಿನ್ನ ಎತ್ತಿ ಆಡ್ಸಿದೋನು!”

“ನೀನ್ಯಾರು ಅಂತ ಚೆನ್ನಾಗ್ ಗೊತ್ತಣ್ಣ. ಕೀಲಿ ಇರೋದು ಗುಮಾಸ್ತರ ಕೈಲಿ, ಪಾಸ್‌ವರ್ಡೂ ಅವ್ರೇ ಹಾಕ್ತಾರೆ. ಅದು ನಿಂದು ಅಂತ ಹೆಂಗ್ ಹೇಳ್ಲಿ?”

“ಕೆಲ್ಸ ಕೈತಪ್ಪಿದ್ರೆ ನಿನ್ನೇ ಬೈಯೋದು!”

“ಬೈಯಿ. ಮೆಟ್ಲು ಹತ್ಕೊಂಡ್ ಬಂದು ಬೈಯಿ.”

ಫೋನಿಟ್ಟ ಮೇಲೆ ಅವಳು ಮೆಟ್ಟಿಲ ಕಡೆಯೇ ನೋಡುತ್ತ ಕೂತಳು. ಅಣ್ಣ ಬಾರದೇ ಹೋದರೆ? ನಾಲ್ಕಕ್ಕೆ ಬಂದ, ತಲೆತುಂಬ ಮರದ ಹೊಟ್ಟು, ಏದುಸಿರು. ಅವಳು ಕನ್ನಡಕ ಒರೆಸಿಕೊಂಡು ಕಾರ್ಡು ನೋಡಿದಳು, ಮುಖ ನೋಡಿದಳು, ಗಂಭೀರವಾಗಿ ಕೇಳಿದಳು: “ನಿಮ್ಮ ಹೆಸರು ಹೇಳಿ.”

ಗುಮಾಸ್ತರು ಕಿಸಕ್ಕನೆ ನಕ್ಕರು. ನಿಮ್ಮಪ್ಪ ಶಾಲೆಯಲ್ಲಿ ಹಾಜರಿ ಕೂಗಿದಾಗಿನಂತೆ ನೆಟ್ಟಗೆ ನಿಂತು ಹೆಸರು ಹೇಳಿದ. ಪಾಸ್‌ವರ್ಡ್ ತಾನೇ ಹಾಕಿದ, ಅವಳು ಗೋಡೆ ಕಡೆ ತಿರುಗಿ ನಿಂತಳು. ಆಮೇಲೆ ಗುಂಡಿ ಒತ್ತಿದಳು, ಪ್ರಮಾಣಪತ್ರ ಬಂತು, ಐದಕ್ಕೆ ಹತ್ತು ನಿಮಿಷ ಇರುವಾಗ ಅರ್ಜಿ ಹೋಯಿತು.

ಹೊರಡುವಾಗ ಅವನು ನನ್ನನ್ನೂ ಮಧ್ಯೆ ಎಳೆದ: “ನಾಳೆ ಅಮ್ಮ ಬಂದ್ರೂ ಹಿಂಗೇನಾ?”

“ಅಮ್ಮಂಗೆ ಒಳ್ಳೇ ಕುರ್ಚಿ ಹಾಕ್ತೀನಿ. ಕಾರ್ಡ್ ಮಾತ್ರ ಕೇಳ್ತೀನಿ.”

ಬೆಂಚಿನ ಕೆಲಸ ಸಿಕ್ಕಿತು. ಈಗ ನಿಮ್ಮಪ್ಪ ಸಿಕ್ಕಸಿಕ್ಕವರಿಗೆ, ನನ್ನ ತಂಗಿ ನನ್ನನ್ನೇ ಬಿಡಲಿಲ್ಲ ಎಂದು ಮೀಸೆ ತಿರುವುತ್ತಾನೆ.

ಅಯ್ಯೋ, ನೋಡು, ಅವಳ ಕನ್ನಡಕ ಇಲ್ಲೇ ಮನೆ ಕಿಟಕಿಯಲ್ಲಿ ಉಳಿದಿದೆ! ಇದಿಲ್ಲದೆ ಅವಳು ಯಾರನ್ನೂ ಒಪ್ಪುವವಳಲ್ಲ, ಜನ ಮೆಟ್ಟಿಲಿನ ತನಕ ನಿಂತಿರುತ್ತಾರೆ. ಓಡಿಹೋಗಿ ಕೊಟ್ಟು ಬಾ ಮಗ. ಜೆರಾಕ್ಸಿನವನ ಹತ್ತಿರ ಬಿಡಬೇಡ, ಅವಳ ಕೈಗೇ ಕೊಡು.