ಅರ್ಧ ತಲೆಯ ಕ್ಷೌರ

ಎಡಗೈಯಲ್ಲಿ ಕತ್ತರಿ ಹಿಡಿಯುತ್ತಿದ್ದ ಆ ಕ್ಷೌರಿಕನನ್ನು ಬೀದಿಯವರೆಲ್ಲ ಎಡಚಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ತಪ್ಪದ ಆ ಕೈ ಒಂದು ಬೆಳಿಗ್ಗೆ, ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಿರುವಾಗಲೇ, ಕೈಕೊಟ್ಟಿತು. ಪಾರ್ಶ್ವವಾಯು.

ಆರು ತಿಂಗಳಲ್ಲಿ ಎಡಗೈ ಬಾಚಣಿಗೆ ಹಿಡಿಯುವಷ್ಟು ಮಾತ್ರ ಸುಧಾರಿಸಿತು. ಛಲಗಾರ ಅವನು; ಹಳೆಯ ಪೇಪರನ್ನು ನೂಲಿನಷ್ಟು ತೆಳ್ಳಗೆ ಕತ್ತರಿಸಿ ಕತ್ತರಿಸಿ ಬಲಗೈಗೆ ಕತ್ತರಿ ಕಲಿಸಿದ. ಕೈಯೇನೋ ಕಲಿಯಿತು. ಆದರೆ ಎಡಗಡೆಯ ಲೋಕವೇ ಅವನ ಪಾಲಿಗೆ ಇಲ್ಲವಾಗಿತ್ತು. ತಟ್ಟೆಯ ಬಲ ಅರ್ಧ ಉಂಡು, "ಇಷ್ಟೇನಾ ಬಡಿಸೋದು?" ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ.

"ಕಣ್ಣು ಸರಿಯಾಗಿದೆಯಮ್ಮ. ಮೆದುಳಿನ ಬಲಭಾಗಕ್ಕೆ ಪೆಟ್ಟಾಗಿದೆ, ಎಡಗಡೆ ಗಮನವೇ ಹೋಗ್ತಿಲ್ಲ," ಎಂದರು ಡಾಕ್ಟರು. ಅಂದಿನಿಂದ ಅವಳು ಎದುರಾಡದೆ ತಟ್ಟೆ ತಿರುಗಿಸತೊಡಗಿದಳು.

ಅಂಗಡಿ ಮತ್ತೆ ತೆರೆದ ಮೊದಲ ದಿನ ನಿವೃತ್ತ ಮೇಷ್ಟ್ರೊಬ್ಬರು ಧೈರ್ಯ ಮಾಡಿ ಕೂತರು. ಅವನು ಅರ್ಧ ತಲೆ ಚೊಕ್ಕವಾಗಿ ಕತ್ತರಿಸಿ, ಬಟ್ಟೆ ಕೊಡವಿ, "ಆಯ್ತು ಸಾರ್" ಎಂದುಬಿಟ್ಟ. ಕನ್ನಡಿಯಲ್ಲಿ ಮೇಷ್ಟ್ರು ಒಂದು ಕಡೆ ಮದುಮಗ, ಇನ್ನೊಂದು ಕಡೆ ಕರಡಿ. ಹೆಂಡತಿ ಓಡಿಬಂದು ಕುರ್ಚಿಯನ್ನೇ ಅರ್ಧ ಸುತ್ತು ತಿರುಗಿಸಿದಳು. ಉಳಿದ ಅರ್ಧ ತಲೆ ಅವನ ಬಲಕ್ಕೆ ಬಂತು.

"ಇದೆಲ್ಲಿತ್ತೇ ಇಷ್ಟೊತ್ತು?" ಎಂದ ಅವನು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಅದೇ ಕಸುಬಿನ ಅವನ ತಮ್ಮ ಮನೆಗೆ ಬಂದ. "ಅತ್ತಿಗೆ, ಅಂಗಡಿ ನನಗೆ ಬಿಟ್ಟುಕೊಡಿ. ಅಣ್ಣ ಮನೇಲಿರಲಿ. ನೀವು ಎಷ್ಟು ದಿನ ಅಂತ ಕುರ್ಚಿ ತಿರುಗಿಸ್ತೀರಿ?"

ಅವಳಿಗೆ ಮೈಯೆಲ್ಲ ಉರಿಯಿತು. "ಒಂದು ತಿಂಗಳು ತಾಳು. ಆಮೇಲೆ ನೀನೇ ಬಂದು ಕೂತ್ಕೋ. ನಾನು ಕುರ್ಚಿ ಮುಟ್ಟಲ್ಲ. ಅವರು ತಪ್ಪಿದ್ರೆ ಅಂಗಡಿ ನಿಂದು."

ಅಂದಿನಿಂದ ದಿನಾ ಅವಳು ಗಂಡನಿಗೆ ತಾನೇ ನೆನಪಿಟ್ಟು ಕುರ್ಚಿ ತಿರುಗಿಸುವುದನ್ನು ರೂಢಿ ಮಾಡಿಸಿದಳು. ತಿಂಗಳು ತುಂಬಿದ ದಿನ ತಮ್ಮ ಬಂದು ಕೂತ. ಅವಳು ಕೈಕಟ್ಟಿ ಬಾಗಿಲಲ್ಲಿ ನಿಂತಳು. ಬಲಗಡೆ ಮುಗಿಯುತ್ತಿದ್ದಂತೆ ತಮ್ಮ ಬೇಕೆಂದೇ, "ಆಯ್ತಲ್ಲ ಅಣ್ಣ, ಏಳಲಾ?" ಎಂದ.

ಕತ್ತರಿ ನಿಂತಿತು.

ಅವನು ತಮ್ಮನ ಹೆಗಲು ಒತ್ತಿ ಕೂರಿಸಿದ. "ಎಲ್ಲಿಗೋ ಅವಸರ? ನಿನಗೆ ಇನ್ನೊಂದು ಕಿವಿ ಇರಬೇಕು. ಚಿಕ್ಕಂದಿನಲ್ಲಿ ಎರಡೂ ಹಿಂಡಿದ್ದೀನಿ," ಎಂದು ಕುರ್ಚಿ ತಿರುಗಿಸಿದ.

ಅವಳು ಇಡೀ ಬೀದಿಗೆ ಕೇಳುವಂತೆ ನಕ್ಕಳು. ಇವರು ನನ್ನ ಗಂಡ ಎಂದು ಅವಳಿಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.