ಇಂಗ್ಲಿಷಿನವರ ‘ಸ್ವಲ್ಪ’

ಇಂಗ್ಲಿಷಿನವರಿಗೆ ನೇರವಾಗಿ ಅಳಲು ಬರುವುದಿಲ್ಲ ಎಂಬುದು ಬೈಂದೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನ್ನ ಬಹುದಿನದ ಅನುಮಾನ. ಮನೆಯೊಳಗೆ ಸೊಂಟದವರೆಗೆ ನೀರು ನಿಂತರೂ ಅವರಿಗೆ ಅದು ‘ಎ ಬಿಟ್ ವೆಟ್’. ಊಟ ಬಾಯಿಗಿಡುವಂತಿಲ್ಲದಿದ್ದರೆ ‘ನಾಟ್ ಕ್ವೈಟ್ ರೈಟ್’. ಇದ್ದದ್ದನ್ನು ಇದ್ದಷ್ಟೇ ದೊಡ್ಡದಾಗಿ ಹೇಳಿಬಿಟ್ಟರೆ ಮರ್ಯಾದೆ ಹೋಗುತ್ತದೆ ಎಂದು ಅವರಿಗೆ ಯಾರು ಹೇಳಿದರೋ.

ನಮ್ಮದು ಇದಕ್ಕೆ ತದ್ವಿರುದ್ಧ. ಕುಂದಾಪುರದ ಕಡೆ ಪಾಯಸ ಚೆನ್ನಾಗಿದ್ದರೂ ‘ಭಯಂಕರ ಲಾಯ್ಕ್’. ಮದುಮಗಳು ಭಯಂಕರ ಚಂದ, ಮದುಮಗ ಭಯಂಕರ ಪಾಪ. ಇಂಥ ಊರಿನ ಮಕ್ಕಳಿಗೆ ‘ರಾದರ್’, ‘ಫೇರ್ಲಿ’ಗಳ ತೂಕ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಒಮ್ಮೆ ಒಬ್ಬಳು ‘ಅವರ್ ಟೀಚರ್ ಈಸ್ ಎ ಬಿಟ್ ಬ್ಯೂಟಿಫುಲ್’ ಎಂದು ಬರೆದಳು. ಅದರ ಕೆಳಗೆ ಕೆಂಪು ಗೆರೆ ಎಳೆಯಲು ನನಗೆ ನಿಜಕ್ಕೂ ಮನಸ್ಸಿರಲಿಲ್ಲ. ಆದರೂ ಎಳೆದೆ. ‘ಎ ಬಿಟ್’ ಎಂಬುದು ಚಂದದ ಮನೆಗೆ ಹೋಗುವುದಿಲ್ಲ ಮಕ್ಕಳೇ, ಸುಸ್ತು, ನೋವು, ತಡ ಇಂಥವರ ಮನೆಗೇ ಹೋಗುವ ನೆಂಟ ಅದು ಎಂದು ವಿವರಿಸಿ, ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಕಳೆದ ತಿಂಗಳು ಆ ನೆಂಟ ನಮ್ಮಲ್ಲಿಗೇ ಬಂದ. ಗಂಗೊಳ್ಳಿಯಲ್ಲಿ ಮೀನುಗಾರಿಕೆ ಮಾಡುವ ನನ್ನ ಅಣ್ಣಯ್ಯನಿಗೆ ಕೆಲ ಕಾಲದಿಂದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬ್ರಹ್ಮಾವರದಲ್ಲಿ ದೊಡ್ಡ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಸ್ಕ್ಯಾನಿನ ಚಿತ್ರ ನೋಡಿ, ಅಣ್ಣಯ್ಯನ ಮುಖ ತಪ್ಪಿಸಿ, ನನ್ನೊಡನೆ ಮೆಲ್ಲಗೆ ‘ಇಟ್ ಈಸ್ ಎ ಬಿಟ್ ಲೇಟ್, ಟೀಚರ್’ ಎಂದರು. ಇಂಗ್ಲಿಷ್ ಬಾರದ ಹೆಂಗಸಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವತ್ತು ಮೊದಲ ಬಾರಿಗೆ ಅನಿಸಿತು.

ಹಿಂದಿರುಗುವ ಬಸ್ಸು ಕೋಟ ದಾಟಿತು. ಡಾಕ್ಟರು ಏನೆಂದರು ಎಂದು ಅಣ್ಣಯ್ಯ ಕೇಳಿದ. ಸ್ವಲ್ಪ ತಡವಾಗಿದೆಯಂತೆ ಎಂದೆ, ಕಿಟಕಿಯ ಹೊರಗೆ ನೋಡುತ್ತಾ.

ಮೀನುಗಾರನೆದುರು ಆಡಬಾರದ ಮಾತು ಅದು. ಅವರಲ್ಲೊಂದು ಪದ್ಧತಿಯಿದೆ. ದೋಣಿ ಭಾರಕ್ಕೆ ವಾಲುವಷ್ಟು ಬಂಗುಡೆ ಬಿದ್ದ ದಿನವೂ ದಡದಲ್ಲಿ ಕೇಳಿದವರಿಗೆ ‘ಸಲ್ಪ ಸಿಕ್ಕಿತ್’ ಎಂದೇ ಹೇಳಬೇಕು. ತುಂಬ ಸಿಕ್ಕಿತು ಎಂದರೆ ಕಣ್ಣು ಬೀಳುತ್ತದೆ. ಕೇಳಿದವರಿಗೂ ಅದರ ಅಳತೆ ಗೊತ್ತು, ಮರುಮಾತಿಲ್ಲದೆ ಬುಟ್ಟಿ ತರಲು ಓಡುತ್ತಾರೆ. ಪ್ರಾಯ ಬಂದಾಗಿನಿಂದ ಅಣ್ಣಯ್ಯ ಆಡುತ್ತ ಬಂದ ಮಾತು ಅದು.

"ಸಲ್ಪ ಅಂದ್ರೆ, ನಮ್ ದೋಣಿ ಸಲ್ಪವಾ?" ಎಂದು ಕೇಳಿದ.

ಬಸ್ಸಿನಲ್ಲಿ ಜನರಿದ್ದಾರೆ ಎಂಬುದನ್ನೂ ಮರೆತು ಅತ್ತುಬಿಟ್ಟೆ. ಅವನು ನನ್ನ ಕೈ ಹಿಡಿದುಕೊಂಡು ಕೂತ.

ಕುಂದಾಪುರದಲ್ಲಿ ಇಳಿಯುವಷ್ಟರಲ್ಲಿ ಅತ್ತಿಗೆಯ ಫೋನು ಬಂತು. ಅವಳೂ ದಡದಲ್ಲಿ ಮೀನು ಕೊಂಡು ಮಾರಿದವಳೇ. ಅಣ್ಣಯ್ಯ ಅವಳಿಗೆ ‘ಸಲ್ಪ’ ಎಂಬ ಆ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

"ಎಂತ ಇಲ್ಲೆ, ಮದ್ದ್ ಕೊಟ್ಟಿರ್. ಗಂಜಿ ಮಾಡಿಡ್, ಬತ್ತೆ" ಎಂದ.

ಆ ಕಡೆಯಿಂದ ಅವಳು ಫೋನನ್ನು ನನ್ನ ಕೈಗೆ ಕೊಡಲು ಹೇಳಿದಳು. ಎರಡು ಭಾಷೆ ಬಲ್ಲವಳೆಂದೇ ನನ್ನನ್ನು ಜೊತೆಗೆ ಕಳಿಸಿದವಳು ಅವಳು. ಫೋನು ಕಿವಿಗಿಟ್ಟುಕೊಂಡು ನಿಂತೆ. ಅವಳಿಗೆ ಹೇಳಬಹುದಾದಷ್ಟು ಸಣ್ಣ ಮಾತು ಆ ಎರಡು ಭಾಷೆಯಲ್ಲೂ ಸಿಗಲಿಲ್ಲ.