ಸಮುದ್ರದಾಚೆಯ ಬೇವಿನ ಗಿಡ

ಮಲ್ಪೆಯ ಗೋಡೆಚಿತ್ರಗಳನ್ನು ನೋಡಲು ಹೋಗಿ ಇವತ್ತು ಬೈಸಿಕೊಂಡು ಬಂದೆ, ಗೆಳೆಯರೇ. ಒಂದು ಓಣಿಯಲ್ಲಿ ಹುಡುಗಿಯೊಬ್ಬಳು ಏಣಿ ಹತ್ತಿ ಗೋಡೆ ತುಂಬ ಸಮುದ್ರ ಬರೆಯುತ್ತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ತಂಗಿ, ಆಚಿ ದಂಡಿಗೆ ಒಂದು ಬೇವಿನ ಗಿಡ ಹಾಕವ್ವಾ."

"ಸಮುದ್ರಕ್ಕೆ ಆಚೆ ದಡ ಎಲ್ಲುಂಟು ಆಂಟಿ? ಅದು ತಪ್ಪಾಗ್ತದೆ. ಸರಿದು ನಿಲ್ಲಿ, ಬಣ್ಣ ಬೀಳ್ತದೆ" ಎಂದು ಮೇಲಿನಿಂದಲೇ ಗದರಿದಳು.

ಎಪ್ಪತ್ತರ ದಶಕದಲ್ಲಿ ನನ್ನಪ್ಪ ಸಿಂದಗಿಯ ಮದುವೆಮನೆಗಳ ಗೋಡೆಗೆ ಚಿತ್ರ ಬರೆಯುತ್ತಿದ್ದ. ಆನೆ, ಕಳಸ, ವಧೂವರರ ಹೆಸರು ಅವನ ಕೈಗೆ ಸಲೀಸು. ಒಬ್ಬ ಸಾಹುಕಾರರು ಮಾತ್ರ ಸಮುದ್ರವೇ ಬೇಕೆಂದರು. ಅಪ್ಪ ಕಂಡ ದೊಡ್ಡ ನೀರೆಂದರೆ ಕೃಷ್ಣಾ ಹೊಳೆ. ಸುಣ್ಣಕ್ಕೆ ನೀಲಿ ಕಲಸಿ ನೀರು ಬರೆದ. ಆಚೆ ದಂಡೆಯಲ್ಲಿ ಬೇವಿನ ಗಿಡ ನಿಲ್ಲಿಸಿದ, ಅದರ ನೆರಳಿಗೆ ಎರಡು ಎಮ್ಮೆ.

ಆರನೇ ಇಯತ್ತೆಯಲ್ಲಿದ್ದ ನಾನು ಬೀಗರೆದುರೇ ಕೂಗಿದೆ: "ಅಪ್ಪಾ, ತಪ್ಪು ಬರದೀ! ಸಮುದ್ರಕ್ಕ ಆಚಿ ದಂಡಿ ಇರೂದಿಲ್ಲ."

ಎಲ್ಲರೂ ನಕ್ಕರು. "ದಂಡಿ ಇಲ್ಲಂದ್ರ ನೀರು ಹೆಂಗ ನಿಲ್ತೈತಿ ಮಗಳ?" ಎಂದ ಅಪ್ಪ, ಸಾಲಿ ಕಲಿತವಳ ಮಾತೆಂದು ಎಮ್ಮೆಗಳ ಸಮೇತ ಗಿಡದ ಮೇಲೆ ನೀಲಿ ಬಳಿದುಬಿಟ್ಟ. ನಿಜವಾದ ಸಮುದ್ರವನ್ನು ಅವನು ಕೊನೆಗೂ ನೋಡಲಿಲ್ಲ.

ಹುಡುಗಿ ಬರೆದದ್ದು ಸರಿಯಾಗಿಯೇ ಇತ್ತು. ನಾನು ಮಾತ್ರ ಸಂಜೆಯವರೆಗೆ ದಂಡೆಯ ಮೇಲೆ ಕುಳಿತು, ನೀರಿನಾಚೆ ಆ ಗಿಡ ಕಾಣುತ್ತದೇನೋ ಎಂದು ಹುಡುಕಿದೆ. ಅಳಿಸಿ ಹಾಕಿಸಿದವಳು ನಾನೇ, ಇನ್ನೆಲ್ಲಿ ಸಿಗಬೇಕು?